ಅಜ್ಜ ಒರಗುತ್ತಿದ್ದ ಗೋಡೆ

"ಸರಿ ಅತ್ತಾಗ. ಹೊತ್ತು ಮುಳಗಾಕ ಬಂತು," ಎಂದಳು ಅವ್ವ, ಕೈಯಲ್ಲಿ ಸುಣ್ಣದ ಕುಂಚ ಹಿಡಿದು.

ತಿಪ್ಪವ್ವ ಸರಿಯಬೇಕಲ್ಲ! ಪಡಸಾಲೆಯ ಗೋಡೆಗೆ ಬೆನ್ನು ಹಚ್ಚಿ ನಿಂತೇಬಿಟ್ಟಿದ್ದಳು. ಅವಳ ಹಿಂದೆ ಒಂದು ಎಣ್ಣೆಯ ಕಲೆ ಇತ್ತು. ಹೋದ ವರ್ಷ ತೀರಿಕೊಂಡ ಅಜ್ಜ ದಿನಾ ತಲೆಗೆ ಕುಸುಬಿ ಎಣ್ಣೆ ಹಚ್ಚಿಕೊಂಡು ಅಲ್ಲೇ ಒರಗಿ ಕೂರುತ್ತಿದ್ದ.

"ದೀಪಾವಳಿಗೆ ಹೊಲಸು ಕಲಿ ಇಟಗೊಂಡು ಕುಂಡ್ರೂಣೇನು?"

"ಅಜ್ಜನ ಮೂಗು ಹೆಂಗಿತ್ತಂತ ನೆನಪಾಗವಲ್ದವ್ವ. ಇದೂ ಹೋದ್ರ ಅಜ್ಜ ಪೂರಾ ಮರತ ಹೋಗತಾನ."

ಮನೆಯಲ್ಲಿ ಅಜ್ಜನ ಒಂದು ಫೋಟೋ ಸಹ ಇರಲಿಲ್ಲ. ಅವ್ವ ಕುಂಚವನ್ನು ಬಕೆಟ್ಟಿಗೆ ಹಾಕಿದಳು. "ನಿಮ್ಮ ಮಾಸ್ತರ ನೆನಪಿನ ವಸ್ತುವಿನ ಚಿತ್ರ ಬರೀರಿ ಅಂದಾರಲ್ಲ? ಇದನ್ನ ಬರಕೊ. ಜಲ್ದಿ ಮುಗಸು."

ತಿಪ್ಪವ್ವ ಕಲೆಯನ್ನು ಅಳತೆ ತಪ್ಪದ ಹಾಗೆ ಬರೆದು, ಬಣ್ಣ ತುಂಬಿದಳು. ಆಮೇಲೆ ಗೋಡೆಗೆ ಸುಣ್ಣ ಬಿತ್ತು.

ಕನ್ನಡ ನಾಡೆಲ್ಲ ಒಂದೇ ರಾಜ್ಯವಾದ ದಿನ ಶಿರಹಟ್ಟಿಯ ಶಾಲೆಯಲ್ಲಿ ಮಕ್ಕಳ ಚಿತ್ರಗಳನ್ನು ಗೋಡೆಗೆ ಹಚ್ಚುತ್ತಿದ್ದರು. ಅವಳ ತರಗತಿಯ ಕಳಕಪ್ಪ, ತನ್ನಪ್ಪ ಜೇಲಿಗೆ ಹಾಕಿಕೊಂಡು ಹೋಗಿದ್ದ ಗಾಂಧಿ ಟೊಪ್ಪಿಗೆಯನ್ನು ಬರೆದಿದ್ದ. ಅವನು ತಿಪ್ಪವ್ವನ ಹಾಳೆಯಲ್ಲಿ ಇಣುಕಿದ.

"ಇದೇನಿದು, ರೊಟ್ಟಿ? ಅದೂ ಹೊತ್ತೈತಿ."

ಎಲ್ಲರೂ ನಕ್ಕರು. ತಿಪ್ಪವ್ವನಿಗೆ ಹಾಳೆ ಹರಿದು ಹಾಕುವಷ್ಟು ಸಿಟ್ಟು ಬಂತು.

ಚಿತ್ರಕಲೆಯ ಮರ್ದಾನಸಾಬ ಮಾಸ್ತರರು ಅದನ್ನು ಇಸಿದುಕೊಂಡು ಮೇಲಿನ ಸಾಲಿಗೆ ಹಿಡಿದರು.

"ಅಷ್ಟ್ ಮ್ಯಾಲ ಬ್ಯಾಡ್ರಿ ಮಾಸ್ತರ. ಅಜ್ಜ ಗ್ವಾಡಿಗೆ ಒರಗಿ ಕುಂತ್ರ ತಲಿ ಇಲ್ಲಿಗೆ ಬರತಿತ್ರಿ," ಎಂದು ತಿಪ್ಪವ್ವ ತನ್ನ ಎದೆಯ ಹತ್ತಿರ ಕೈ ಇಟ್ಟಳು.

ಮಾಸ್ತರರು ಬಗ್ಗಿ, ಅಷ್ಟೇ ಎತ್ತರಕ್ಕೆ ಹಚ್ಚಿದರು. "ತಗೊ, ಕುಂಡ್ರಿಸಿದೆ ನಿಮ್ಮಜ್ಜನ್ನ."

ಸಂಜೆ ಅವ್ವ ಓಣಿಯ ಹೆಂಗಸರ ಜೊತೆ ಬಂದಳು. ಅವ್ವನ ಬಾಯಿ ಅಂದರೆ ಬಾಯಿ. ಬಾಗಿಲಿನಿಂದಲೇ ಕೇಳುತ್ತಿತ್ತು. ಆ ಚಿತ್ರದ ಮುಂದೆ ಬಂದಾಗ ಮಾತ್ರ ಮಾತು ಅರ್ಧಕ್ಕೆ ನಿಂತಿತು. ಅವ್ವ ಹೆಗಲಿಗೆ ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬದಿಗೆ ಸರಿದಳು. ಅಜ್ಜ ಪಡಸಾಲೆಯಲ್ಲಿ ಕೂತಾಗಲೆಲ್ಲ ಅವಳು ಹಾಗೆಯೇ ಹಾಯ್ದು ಹೋಗುತ್ತಿದ್ದಳು.

"ಏನಾತವ್ವ?"

"ಏನಿಲ್ಲ," ಎಂದಳು ಅವ್ವ ಮೆಲ್ಲಗೆ. "ಮಾವಾರು ಕುಂತಂಗ ಆತು."

ಅಜ್ಜನ ಮೂಗು ತಿಪ್ಪವ್ವನಿಗೆ ಆಗಲೂ ನೆನಪಾಗಲಿಲ್ಲ. ಆದರೂ ಎದೆ ಹಗುರಾಯಿತು. ಚಿತ್ರಕ್ಕೆ ಅಡ್ಡ ನಿಂತಿದ್ದ ಕಳಕಪ್ಪನಿಗೆ ಅವಳೂ ದನಿ ತಗ್ಗಿಸಿ ಹೇಳಿದಳು:

"ಜರಾ ಸರಿಯೊ. ಅಜ್ಜಗ ಗಾಳಿ ಬರಲಿ."