ಡಬ್ಬಿಯ ಮೇಲೆ ಮೂರು ಬೆರಳು ಹಿಟ್ಟು

"ಇದನ್ನ ನಿಮಗ ಕೊಡೂದಿಲ್ರಿ."

ಸೌಂದರ್ಯಾಳ ಕೈಗೆ ಬಂದಿದ್ದ ಬಿಸಿ ಡಬ್ಬಿಯನ್ನು ವಿಶಾಲ ಹಿಂದಕ್ಕೆ ಎಳೆದುಕೊಂಡ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಯಾಕೆಂದು ಕೇಳದೆ ಅವಳು ಅಂಗಡಿಯಿಂದ ಹೊರಬಿದ್ದಳು. ಹೋದ ಸೋಮವಾರವಷ್ಟೇ ಧೈರ್ಯ ಮಾಡಿ, ಒಮ್ಮೆ ಮನೆಗೆ ಬನ್ನಿ, ಅಜ್ಜಿ ನಿಮ್ಮನ್ನು ನೋಡಬೇಕಂತೆ ಎಂದು ಅವನನ್ನು ಕರೆದಿದ್ದಳು. ಒಲ್ಲೆ ಎನ್ನುವುದನ್ನು ಹೀಗೂ ಹೇಳುತ್ತಾರೆಯೇ...

ಆಗ ೨೦೦೬. ಹುಬ್ಬಳ್ಳಿಯಲ್ಲಿ ಹೊಸದಾಗಿ ತೆರೆದ ಇಟಾಲಿಯನ್ ಅಂಗಡಿ ಅದು. ಮುಂದೆ ಚೀಸು, ಪಾಸ್ತಾ, ಎಣ್ಣೆಯ ಮಾರಾಟ, ಹಿಂದೆ ಹೋಟೆಲು. ಅಲ್ಲಿ ಪಿಜ್ಜಾ ಬೇಯಿಸುವವನು ವಿಶಾಲ. ಪ್ರತಿ ಸೋಮವಾರ ಕಾಲೇಜು ಬಿಟ್ಟ ಮೇಲೆ ಸೌಂದರ್ಯಾ ಅಲ್ಲಿಂದ ಒಂದು ತರಕಾರಿ ಪಿಜ್ಜಾ ಕಟ್ಟಿಸಿಕೊಂಡು ರಾಯಾಪುರದ ಮನೆಗೆ ಒಯ್ಯುತ್ತಿದ್ದಳು. ಒಂದು ತುಂಡಿಗೆ ಒಂದು ಕಥೆ. ಅದು ಅಜ್ಜಿ ಶರಣವ್ವನ ಜೊತೆಗಿನ ಕರಾರು.

ಕೊರಳಲ್ಲಿ ಲಿಂಗ ಕಟ್ಟಿಕೊಂಡ ಅಜ್ಜಿ ಮೊದಲ ದಿನವೇ ಕೇಳಿದ್ದಳು, ಯಾವ ಚಾಕುವಿನಲ್ಲಿ ಕೊಯ್ದದ್ದು ಎಂದು. ವಿಶಾಲ ಅದನ್ನು ಕೇಳಿ ನಗಲಿಲ್ಲ. ಮಾಂಸ ಮುಟ್ಟದ ಬೇರೆ ಹಲಗೆ, ಬೇರೆ ಚಾಕು ಇಟ್ಟ. ಒಳಗೆ ಅದಲುಬದಲಾಗದಂತೆ ಅವಳ ಡಬ್ಬಿಯ ಮೇಲೆ ಮೂರು ಬೆರಳಲ್ಲಿ ಹಿಟ್ಟು ಎಳೆದ. ಡಬ್ಬಿಗೂ ವಿಭೂತಿ ಹಚ್ಚುವ ಹುಡುಗ ಕೆಟ್ಟವನಿರಲಾರ ಎಂದು ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕಿದ್ದಳು.

ಆ ಸಂಜೆ ಬರಿಗೈಯಲ್ಲಿ ಬಂದವಳ ಮುಖ ನೋಡಿ ಅಜ್ಜಿ ಎಲ್ಲವನ್ನೂ ಬಾಯಿ ಬಿಡಿಸಿದಳು.

"ಕೊಡ್ಲಿಲ್ಲಂದ್ರ ಏನರ ಕಾರಣ ಇರ್ತೈತವ್ವಾ. ಹೋಗಿ ಕೇಳ್ಕೊಂಡು ಬಾ."

ಸೌಂದರ್ಯಾ ಹೋಗಲಿಲ್ಲ. ಅಭಿಮಾನ ಅಡ್ಡ ಬಂತು.

ಮೂರನೆಯ ವಾರ ಅಜ್ಜಿ ಹಾಸಿಗೆ ಹಿಡಿದಳು. ಗಂಜಿ ಬೇಡ, ಆ ಹುಡುಗನ ರೊಟ್ಟಿಯ ಒಂದು ಚೂರು ಸಾಕು ಎಂದಳು. ಅಂಗಡಿ ಮುಚ್ಚಿದೆ ಎಂದು ಸೌಂದರ್ಯಾ ಸುಳ್ಳಾಡಿದಳು. ಐದನೆಯ ದಿನ ಅಜ್ಜಿ ಕಥೆಯೊಂದನ್ನು ಅರ್ಧಕ್ಕೇ ಬಿಟ್ಟು ಲಿಂಗೈಕ್ಯಳಾದಳು.

ಹನ್ನೊಂದನೆಯ ದಿನ ಎಡೆ ಇಡುವ ಹೊತ್ತಿಗೆ ಬಾಗಿಲಲ್ಲಿ ವಿಶಾಲ ನಿಂತಿದ್ದ. ಕೈಯಲ್ಲಿ ಡಬ್ಬಿ, ಅದರ ಮೇಲೆ ಮೂರು ಎಳೆ ಹಿಟ್ಟು. ಕಥೆ ಹೇಳುವ ಶರಣವ್ವನ ಮನೆ ಯಾವುದೆಂದು ರಾಯಾಪುರವೆಲ್ಲ ಕೇಳುತ್ತ ಬಂದಿದ್ದ. ಒಳಗೇನಾಗಿದೆಯೆಂದು ತಿಳಿಯದೆ, ಹೊಸ್ತಿಲಲ್ಲೇ ಗಡಿಬಿಡಿಯಿಂದ ಹೇಳತೊಡಗಿದ. ಅಂದು ಹಾಕಿದ್ದು ಹೊಸದಾಗಿ ಬಂದ ಪರದೇಶದ ಚೀಸು. ಡಬ್ಬಿ ಕೊಡುವಾಗಷ್ಟೇ ಚೀಸಿನ ಪೊಟ್ಟಣದ ಮೇಲೆ ಬರೆದದ್ದು ಕಣ್ಣಿಗೆ ಬಿತ್ತಂತೆ. ಕೊಯ್ದ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕಿ ಗಟ್ಟಿ ಮಾಡಿದ್ದು. ಪಕ್ಕದಲ್ಲೇ ಮಾಲೀಕರಿದ್ದುದರಿಂದ ಬಾಯಿ ಕಟ್ಟಿತ್ತು. ಸಂಜೆಯೇ ಜಗಳಾಡಿ ಅದನ್ನು ತೆಗೆಸಿದ. ಮುಂದಿನ ಸೋಮವಾರ ಅವಳಿಗೆ ಹೇಳೋಣವೆಂದರೆ, ನಾಲ್ಕು ಸೋಮವಾರ ಅವಳು ಬರಲೇ ಇಲ್ಲ...

"ಈ ಚೀಸು ನಿಂಬಿಹುಳಿಯಾಗ ನಾನ ಹಾಲು ಒಡಿಸಿ ಮಾಡಿದ್ದು. ಲಿಂಗ ಕಟ್ಟಿದ ಮುದುಕಿ ಬಾಯಿಗೆ ಅದನ್ನ ಹೆಂಗ ಕೊಡ್ಲಿರಿ? ಅಜ್ಜಿ ಎಲ್ಲ್ಯದಾರ?"

ಸೌಂದರ್ಯಾ ಪಕ್ಕಕ್ಕೆ ಸರಿದಳು. ಹೂಮಾಲೆ ಹಾಕಿದ ಅಜ್ಜಿಯ ಫೋಟೋ ಕಂಡು ವಿಶಾಲ ಡಬ್ಬಿ ಕೆಳಗಿಟ್ಟು ಕೈ ಮುಗಿದ.

ಅವಳೇ ಡಬ್ಬಿ ತೆಗೆದು, ಹೋಳಿಗೆಯ ಪಕ್ಕ ಒಂದು ತುಂಡು ಇಟ್ಟಳು.

"ಕೇಳ್ಕೊಂಡು ಬಾ ಅಂದಿದ್ಲು ಅಜ್ಜಿ. ನಾನ ಕೇಳ್ಲಿಲ್ಲ."

"ನಾನೂ ಹೇಳ್ಲಿಲ್ರಿ."

ಅವಳು ಕಣ್ಣೊರೆಸಿಕೊಂಡಳು.

"ಇನ್ನ ಸೋಮವಾರ ನಾ ಯಾರಿಗೆ ಕಟ್ಟಿಸ್ಕೊಂಡು ಬರ್ಲಿ?"

"ಕಟ್ಟಿಸ್ಕೋಬ್ಯಾಡ್ರಿ... ನನ್ನ ಜೋಡಿ ಅಲ್ಲೇ ಕುಂತು ತಿನ್ರಿ. ಅಜ್ಜಿ ಕಥಿ ನನಗ ಹೇಳ್ರಿ."

"ಕಡೀದು ಅರ್ಧಾನ ಐತಿ."

"ಅಷ್ಟ ಹೇಳ್ರಿ," ಎಂದ ವಿಶಾಲ.