ಏರಿಸಿದ ಶ್ರುತಿ

ಕುಮಾರಪಟ್ಟಣದ ಗಣಪತಿ ಪೆಂಡಾಲಿನಲ್ಲಿ ಮೈಕು ಹಿಡಿದವನು ಹೊಳಿಯಪ್ಪ ಮಾಸ್ತರನ ಹೆಸರು ಹೇಳಲಿಲ್ಲ. 'ಈಗ ನಿಮ್ಮ ಮುಂದೆ ಬ್ಯಾಡಗಿಯ ಕುಮಾರಿ ಸುಚಿತ್ರಾ, ಜೊತೆಗೆ ಅವರ ಪೇಟಿಯವರು' ಎಂದ. ಜನ ಚಪ್ಪಾಳೆ ತಟ್ಟಿದರು. ಹಾರ್ಮೋನಿಯಂ ಮುಂದೆ ಕುಳಿತ ಹೊಳಿಯಪ್ಪನೂ ನಕ್ಕು ಕೈ ಮುಗಿದ. ಕೈ ಮುಗಿಯುವಾಗ ಎದೆಯೊಳಗೆ, ಅನ್ನದಲ್ಲಿ ಹರಳು ಹಲ್ಲಿಗೆ ಸಿಕ್ಕಂತೆ, ಕಟಕ್ ಎಂದಿತು.

ಅವರ ಪೇಟಿಯವರು. ರಾಣೆಬೆನ್ನೂರಿನ ಬೀಜದ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನು ಹುಡುಗ ಹುಡುಗಿಯರಿಗೆ ಹಾಡು ಕಲಿಸಲು ಶುರು ಮಾಡಿದಾಗ ಈ ಮೈಕಿನವನು ಹುಟ್ಟಿರಲೂ ಇಲ್ಲ. ಯಾವ ಓಣಿಯಲ್ಲಿ ಯಾವ ಮಗುವಿಗೆ ಕಂಠವಿದೆ ಎಂದು ಕಿವಿಗೆ ಬಿದ್ದರೆ ಸಾಕು, ಹೊಳಿಯಪ್ಪ ಸೈಕಲ್ ಹತ್ತಿ ಹೋಗುತ್ತಿದ್ದ. ತಾಯಿ ತಂದೆಯನ್ನು ಒಪ್ಪಿಸುತ್ತಿದ್ದ. ಕಾರ್ಯಕ್ರಮ ಮಾಡಿಸುವವರ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತು, 'ನಮ್ಮ ಹುಡುಗಗ ಒಂದ ಹಾಡು ಕೊಡ್ರಿ, ಒಂದ' ಎಂದು ಕೇಳುತ್ತಿದ್ದ. ಕೆಲವರು ಶಾಲೆಗಳಲ್ಲಿ ಸಂಗೀತದ ಮೇಷ್ಟ್ರಾದರು. ಒಬ್ಬಿಬ್ಬರು ಆರ್ಕೆಸ್ಟ್ರಾ ಸೇರಿದರು. ಬಹಳ ಮಂದಿ ನಡುವೆಯೇ ಬಿಟ್ಟುಹೋದರು. ಆದರೆ ಯಾರು ಎಲ್ಲಿ ಹಾಡಿದರೂ ಜನ 'ಹೊಳಿಯಪ್ಪನ ಶಿಷ್ಯ' ಎನ್ನುತ್ತಿದ್ದರು. ಮೊದಲ ಸಲ ಈಗ ಅವನು ಶಿಷ್ಯೆಯೊಬ್ಬಳ ಸಾಮಾನಿನ ಲೆಕ್ಕಕ್ಕೆ ಬಂದಿದ್ದ.

ಸುಚಿತ್ರಾ ಬ್ಯಾಡಗಿಯವಳು. ತಂದೆ ಇಲ್ಲ. ತಾಯಿ ಉಚ್ಚಂಗೆವ್ವ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಶಾಲೆಯ ಸಮವಸ್ತ್ರದಲ್ಲಿ ಬಸ್ಸಿಳಿದು ಬಂದ ಹುಡುಗಿ ಅವನ ಎದುರು ಕುಳಿತು ಮೊದಲ ಸರಿಗಮ ಹಾಡಿದ್ದು ಅವನಿಗೆ ನಿನ್ನೆಯಷ್ಟೇ ಆದಂತೆ ನೆನಪಿದೆ. ಘಾಟಿಗೆ ದನಿ ಕೆಡುತ್ತದೆ, ಈ ಮಗುವನ್ನು ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಬೇಡ ಎಂದು ತಾಯಿಗೆ ಅವತ್ತೇ ಹೇಳಿದ್ದ. ಆ ಹೆಂಗಸು ಆ ಮಾತನ್ನು ದೇವರ ಮಾತಿನಂತೆ ನಡೆಸಿದ್ದಳು. ಸುಗ್ಗಿಯಲ್ಲಿ ಆಳು ಸಿಗದೆ ಮಾರ್ಕೆಟ್ಟಿನವರು ಒದ್ದಾಡಿದರೂ ಮಗಳನ್ನು ಆ ಅಂಗಳಕ್ಕೆ ಕಾಲಿಡಲು ಬಿಟ್ಟಿರಲಿಲ್ಲ.

ಈಗ ಧಾರವಾಡದ ಗುರುಕುಲವೊಂದು ಜಿಲ್ಲೆಗೆ ಒಬ್ಬರಂತೆ ಮಕ್ಕಳನ್ನು ಆರಿಸಿಕೊಳ್ಳುತ್ತಿತ್ತು. ಆಯ್ಕೆಯಾದವರು ಅಲ್ಲೇ ಉಳಿದು ಕಲಿಯಬೇಕು. ಹಾಡಿಸಿ ನೋಡುವುದು ಹಾವೇರಿಯಲ್ಲಿ. ಈ ಸುದ್ದಿ ಹೊಳಿಯಪ್ಪನಿಗೆ ತಿಳಿದದ್ದು ತಬಲಾ ಬಾರಿಸುವ ಗೂಡುಸಾಬನಿಂದ.

'ಏನ್ ಮಾಸ್ತರ, ನಿನ್ನ ಕೋಗಿಲಿ ಧಾರವಾಡಕ್ಕ ಹಾರಾಕತ್ತೈತಂತಲ್ಲ?'

ಮರುದಿನ ಸುಚಿತ್ರಾ ತಾನೇ ಬಾಯಿ ಬಿಟ್ಟಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, 'ಗುರುಗಳ, ಹೆಸರು ಕೊಟ್ಟೇನ್ರಿ. ನಿಮಗ ಹ್ಯಾಂಗ ಹೇಳ್ಲಿ ಅಂತ ಅಂಜಿ ಸುಮ್ಮನಿದ್ದೆ. ನೀವ ಪೇಟಿ ಹಿಡೀಬೇಕ್ರಿ. ಬ್ಯಾರೇದವರು ಕುಂತ್ರ ನನಗ ಸಾ ಸುದ್ದಾ ಹೊಂಡೂದಿಲ್ಲ' ಎಂದಳು.

'ಹಿಡೀತೇನವ್ವ' ಎಂದ ಹೊಳಿಯಪ್ಪ.

ಎಂದಾಗಲೇ ಅವಳು ಹೋಗದಂತೆ ಮಾಡುವ ಯೋಚನೆ ಬಂತು. ಬಂದದ್ದಕ್ಕೆ ನಾಚಿಕೆಯೂ ಬಂತು. ಎರಡೂ ಒಟ್ಟಿಗೇ ಬಂದವು, ಮತ್ತೆ ಒಂದು ಇನ್ನೊಂದನ್ನು ಬಿಟ್ಟು ಹೋಗಲಿಲ್ಲ.

ಅವನ ಹತ್ತಿರ ಇದ್ದ ಪೇಟಿ ಹಳೆಯ ಶಿಷ್ಯರೆಲ್ಲ ಕೂಡಿ ಕೊಟ್ಟದ್ದು. ಅದರಲ್ಲಿ ಕರಿಬಿಳಿ ಮನೆಗಳ ಹಲಗೆಯನ್ನೇ ಎತ್ತಿ ಪಕ್ಕಕ್ಕೆ ಸರಿಸಬಹುದು. ಸರಿಸಿದ ಮೇಲೆ ಬೆರಳು ಎಂದಿನ ಮನೆಯನ್ನೇ ಒತ್ತಿದರೂ ಒಳಗಿನಿಂದ ಬರುವ ಸ್ವರ ಬೇರೆ. ನೋಡುವ ಕಣ್ಣಿಗೆ ಏನೂ ಬದಲಾಗಿರುವುದಿಲ್ಲ. ಕೊಟ್ಟಾಗ ಹೊಳಿಯಪ್ಪ ಅದನ್ನು ಆಟದ ಸಾಮಾನು ಎಂದು ನಕ್ಕಿದ್ದ, ಒಮ್ಮೆಯೂ ಸರಿಸಿರಲಿಲ್ಲ. ಸುಚಿತ್ರಾ ಹಾಡುವುದು ಬಿಳಿ ನಾಲ್ಕಕ್ಕೆ; ಪೇಟಿಯ ನಾಲ್ಕನೇ ಬಿಳಿ ಮನೆಯೇ ಅವಳ ಷಡ್ಜ. ಹಲಗೆಯನ್ನು ಮೂರು ಮನೆ ಮೇಲಕ್ಕೆ ಸರಿಸಿದರೆ ಅವಳು ಕರಿ ನಾಲ್ಕಕ್ಕೆ ಹಾಡಬೇಕಾಗುತ್ತದೆ.

ಅವಳ ದನಿಯ ಅಳತೆ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಿಹಿ ಇದೆ, ತಾಕತ್ತು ಇಲ್ಲ. ಕೆಳಗಿನ ಪಂಚಮಕ್ಕೆ ಇಳಿದರೆ ದನಿ ಹೋಗಿ ಬರೀ ಉಸಿರು ಉಳಿಯುತ್ತದೆ. ಒಂದು ತಾಸು ಹಾಡಿದರೆ ದಣಿದುಬಿಡುತ್ತಾಳೆ. ಬಿಳಿ ನಾಲ್ಕರಲ್ಲೇ ಇಷ್ಟು ಸೋಲುವ ದನಿ ಮೂರು ಮನೆ ಮೇಲೆ ಹೋದರೆ ಉಳಿದೀತೆ? ಅವಳು ಆರಿಸಿಕೊಂಡದ್ದು ಒಂದು ತತ್ವಪದ. ಅದರ ಕೊನೆಯ ನುಡಿಯಲ್ಲಿ ಮೇಲಿನ ಮಧ್ಯಮಕ್ಕೆ ಹೋಗಿ ನಿಲ್ಲಬೇಕು. ಅಲ್ಲಿ ದನಿ ಒಡೆಯುತ್ತದೆ. ಪಾಪ, ಅಂಜಿತು ಹುಡುಗಿ ಎನ್ನುತ್ತಾರೆ ಜನ. ಅವನು ಅವಳ ತಲೆ ಸವರಿ, ಇರಲಿ ಬಿಡವ್ವ, ಮುಂದಿನ ಸಲ ನೋಡೂಣು ಎನ್ನುತ್ತಾನೆ. ಅವಳು ಮತ್ತೆ ಬೀಜದ ಅಂಗಡಿಯ ಮೆಟ್ಟಿಲು ಹತ್ತಿ ಬರುತ್ತಾಳೆ. ರಕ್ತ ಇಲ್ಲ, ಗಾಯ ಇಲ್ಲ. ಪೊಲೀಸರು ಬರುವುದಕ್ಕೆ ಇದಕ್ಕೊಂದು ಹೆಸರೇ ಇಲ್ಲ.

ಕಳ್ಳನಿಗಿಂತ ಕಡೆಯಾದೆ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡು ಮುಂದಿನ ಏರ್ಪಾಡು ಯೋಚಿಸಿದ.

ತಂಬೂರಿಯ ಚಿಂತೆ ಇರಲಿಲ್ಲ. ಈಗ ಅದು ಅವನ ಮೊಬೈಲಿನಲ್ಲೇ ನುಡಿಯುತ್ತದೆ. ಶ್ರುತಿ ಇಡುವವನು ಅವನೇ. ಹುಡುಗಿಯ ಚಿಂತೆಯೂ ಇರಲಿಲ್ಲ. ಹಾಡುವ ಕಟ್ಟೆಗೆ ಹತ್ತಿದ ಮೇಲೆ ಗುರು ಇಟ್ಟ ಶ್ರುತಿಯನ್ನು ಶಿಷ್ಯರು ಕೇಳುವುದಿಲ್ಲ. ಹಾಗೆ ಕಲಿಸಿದವನೂ ಅವನೇ. ತಬಲಾ ಮಾತ್ರ ತೊಡಕು. ಶ್ರುತಿ ಅಷ್ಟು ಏರಿದರೆ ಎಂದಿನ ತಬಲಾ ಕೂಡುವುದಿಲ್ಲ, ಸಣ್ಣ ಬಾಯಿಯದು ಬೇಕು. ಗಾದಿ ಹೊಲಿಯುವ ಗೂಡುಸಾಬನ ಅಂಗಡಿಗೆ ಹೋದ.

'ಹಾವೇರಿಗೆ ನಿನ್ನ ಸಣ್ಣ ತಬಲಾ ತಗೊಂಡ ಬಾ. ಕರಿ ನಾಲ್ಕಕ್ಕ ಕೂಡತೈತಲ್ಲ, ಅದು.'

ಗೂಡುಸಾಬ ಸೂಜಿ ನಿಲ್ಲಿಸಿ ನೋಡಿದ. 'ಯಾಕೋ? ಹುಡುಗಿ ಬಿಳಿ ನಾಲ್ಕಕ್ಕಲ್ಲ ಹಾಡೂದು?'

'ಹಾಲ್ ದೊಡ್ಡದೈತಿ. ದನಿ ಎದ್ದು ಬರಲಿ ಅಂತ.' ಯಾರಾದರೂ ಕೇಳಿದರೆ ಹೇಳಲೆಂದು ಹೊಸೆದಿಟ್ಟ ಮಾತು ಅದು. ಬಾಯಿಂದ ಹೊರಬಿದ್ದಾಗ ಅವನಿಗೇ ಖರೆ ಎನಿಸಿತು.

'ಆ ತಬಲಾದಾಗ ಇಲಿ ಸಂಸಾರ ಹೂಡಿರಬೇಕು ಈಗ. ನಿನ್ನ ಜೋಡಿ ಕುಂತಾಗಿಂದ ಅದನ್ನ ಹೊರಗ ತಗದೇ ಇಲ್ಲ.'

'ಇಲಿ ಓಡಿಸಿ ತಾ. ಮತ್ತ ಸುಚಿತ್ರಾಗ ಹೇಳಬ್ಯಾಡ, ಅಂಜತಾಳ.'

'ನಂದೇನು? ಶ್ರುತಿ ನಿಂದು, ಪೆಟ್ಟು ನಂದು' ಎಂದು ಗೂಡುಸಾಬ ದಾರ ಹಲ್ಲಿನಿಂದ ಕಡಿದ.

ಆ ವಾರವೆಲ್ಲ ಹೊಳಿಯಪ್ಪ ಸುಚಿತ್ರಾಳಿಗೆ ಎಂದಿಲ್ಲದ ಅಕ್ಕರೆಯಿಂದ ಕಲಿಸಿದ. ಬಿಳಿ ನಾಲ್ಕಕ್ಕೇ ಹಾಡಿಸಿದ. ತಪ್ಪಿದರೆ ಗದರಲಿಲ್ಲ. ಗದರದಿರುವುದಕ್ಕೆ ಅವಳು ಹೆದರಿ, 'ಗುರುಗಳ, ಸಿಟ್ಟಾಗೀರೇನ್ರಿ?' ಎಂದು ಕೇಳಿದಳು. ಅವನು ಪೇಟಿಗೆ ಗಾಳಿ ಒತ್ತುವ ಬಾತೆಯನ್ನೇ ನೋಡುತ್ತ, 'ಇಲ್ಲವ್ವ' ಎಂದ. ಬೇರೆ ಕಡೆ ನೋಡಲು ಆಗಲಿಲ್ಲ.

ಹಾವೇರಿಗೆ ಹೊರಟ ದಿನ ಅವನೂ ಗೂಡುಸಾಬನೂ ರಾಣೆಬೆನ್ನೂರಿನಲ್ಲಿ ರೈಲು ಹತ್ತಿದರು. ಬ್ಯಾಡಗಿಯಲ್ಲಿ ತಾಯಿ ಮಗಳು ಹತ್ತಿದರು. ಉಚ್ಚಂಗೆವ್ವ ಮೈತೊಳೆದು ಒಗೆದ ಸೀರೆ ಉಟ್ಟಿದ್ದರೂ ಬೆರಳ ಸಂದಿಯ ಕೆಂಪು ಹೋಗಿರಲಿಲ್ಲ. ಕುಳಿತ ಕೂಡಲೇ ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಚಟ್ನಿ ಇಟ್ಟು ಮೊದಲು ಅವನ ಕೈಗೆ ಕೊಟ್ಟಳು.

'ಮಾಸ್ತರ್ರ, ನನಗ ಹಾಡೂದು ಪಾಡೂದು ತಿಳ್ಯಾಂಗಿಲ್ಲ. ಆರಿಸಲಿ ಬಿಡಲಿ, ನಿಮ್ಮ ಮಾನ ಹೋಗದಂಗ ಹಾಡಿದ್ರ ಸಾಕ್ರಿ.'

ಹೊಳಿಯಪ್ಪನಿಗೆ ತುತ್ತು ಸಿಕ್ಕಿಕೊಂಡಿತು. ಕೆಮ್ಮಿ ಕಣ್ಣಲ್ಲಿ ನೀರು ಬಂತು.

'ಅಯ್ಯ, ಖಾರ ಹತ್ತಿತೇನ್ರಿ? ನಮ್ಮೂರ ಕಾಯಾಗ ಬಣ್ಣ ಬಿಟ್ರ ಖಾರ ಎಲ್ಲೈತ್ರಿ!' ಎಂದು ಉಚ್ಚಂಗೆವ್ವ ನೀರಿನ ಬಾಟಲಿ ಹಿಡಿದಳು.

'ಮಾಸ್ತರಗ ವಯಸ್ಸಾತವ್ವ' ಎಂದ ಗೂಡುಸಾಬ. 'ಇನ್ನ ಹಾಲು ಅನ್ನ ಕಟ್ಟಿಕೊಂಡ ಬಾ.'

ಎಲ್ಲರೂ ನಕ್ಕರು. ಸುಚಿತ್ರಾ ಮಾತ್ರ ಅವನ ಕಡೆ ಬಗ್ಗಿ ಮೆಲ್ಲಗೆ, 'ಗುರುಗಳ, ಕೆಳಗಿನ ಪಂಚಮ ಬಂದಾಗ ಒಂದೀಟು ಬಾತೆ ಜೋರು ಒತ್ರಿ. ನಂದು ಬರಲಿಲ್ಲಂದ್ರೂ ಮುಚ್ಚಿಹೋಗತೈತಿ' ಎಂದಳು. ತನ್ನ ಸೋಲನ್ನು ಅವನ ಕೈಯಲ್ಲಿಟ್ಟು ಅವಳು ನಿಶ್ಚಿಂತೆಯಿಂದ ಕಿಟಕಿಗೆ ತಲೆ ಆನಿಸಿದಳು. ಈಗಲಾದರೂ ಬಿಡಬಹುದು ಎಂದುಕೊಂಡ ಹೊಳಿಯಪ್ಪ. ಹಲಗೆ ಸರಿಸದೆ ಹಾಗೇ ಕುಳಿತರಾಯಿತು, ಯಾರಿಗೂ ಏನೂ ತಿಳಿಯದು. ಹಾಗೆ ಅಂದುಕೊಂಡದ್ದರಿಂದ ಮನಸ್ಸು ಹಗುರಾಯಿತು. ಆ ಹಗುರದಲ್ಲೇ ಹಾವೇರಿ ಬಂತು. ಸಭಾಂಗಣದ ಬಾಗಿಲಲ್ಲಿ ಇಬ್ಬರು ಕಾಲೇಜು ಹುಡುಗಿಯರು ಸುಚಿತ್ರಾಳ ಜೊತೆ ಫೋಟೋ ತೆಗೆಸಿಕೊಂಡರು. ಅವನನ್ನು 'ಅಜ್ಜಾರ, ಸ್ವಲ್ಪ ಸರೀರಿ' ಎಂದರು.

ಅವನು ಸರಿದ. ಒಳಗೆ ಹೋಗಿ ಹಲಗೆಯನ್ನೂ ಸರಿಸಿದ. ಎಂದೂ ಅಲುಗದ ಹಲಗೆ ಬಿಗಿದುಕೊಂಡಿತ್ತು. ಎರಡೂ ಕೈ ಹಾಕಿ ಎತ್ತಿದಾಗ ಅಡಿಯಲ್ಲಿ ಕಟ್ಟಿದ್ದ ಧೂಳು ಕಾಣಿಸಿತು. ಮೂರು ಮನೆ. ಕೊಂಡಿ ಹಾಕಿದ. ಗೂಡುಸಾಬ ಒಂದು ಮೂಲೆಯಲ್ಲಿ ಸುತ್ತಿಗೆಯಿಂದ ಸಣ್ಣ ತಬಲಾವನ್ನು ತಟ್ಟಿ ತಟ್ಟಿ ಕೂಡಿಸಿಕೊಂಡ. ಸುಚಿತ್ರಾ ಹೊರಗೆ ತಾಯಿಯ ಕೈಲಿ ಜಡೆ ಸರಿಮಾಡಿಸಿಕೊಳ್ಳುತ್ತಿದ್ದಳು.

ಕಟ್ಟೆಯ ಮೇಲೆ ತಂಬೂರಿ ನುಡಿಯಿತು. ಸುಚಿತ್ರಾ ಒಮ್ಮೆ ತಿರುಗಿ ಅವನ ಮುಖ ನೋಡಿದಳು. ಆ ನೋಟಕ್ಕೆ ಹೊಳಿಯಪ್ಪ ವಾರದಿಂದ ಸಿದ್ಧನಾಗಿದ್ದ. ಕಣ್ಣು ಮುಚ್ಚಿ ತಲೆಯಾಡಿಸಿದ. ಅವಳು ಉಸಿರು ಎಳೆದುಕೊಂಡು ಷಡ್ಜ ಹಚ್ಚಿದಳು.

ಕೆಳಗಿನ ಪಂಚಮ ಮೊದಲು ಬಂತು. ಅಭ್ಯಾಸದಿಂದ ಅವನ ಕೈ ಬಾತೆಯನ್ನು ಜೋರಾಗಿ ಒತ್ತಿತು. ಒತ್ತಬೇಕಾಗಿರಲಿಲ್ಲ. ಉಸಿರಾಗಿ ಹೋಗುತ್ತಿದ್ದ ಜಾಗದಲ್ಲಿ ಸ್ವರ ಇತ್ತು, ತುಂಬಿದ ಕೊಡ ನೆಲಕ್ಕಿಟ್ಟ ಹಾಗೆ ಗಟ್ಟಿಯಾಗಿ ಕುಳಿತಿತ್ತು. ಅವನು ಕಣ್ಣು ತೆರೆದ. ಹುಡುಗಿ ಅವನ ಕಡೆ ನೋಡುತ್ತಿರಲಿಲ್ಲ. ಅವಳ ಕತ್ತಿನ ನರ ಬಿಗಿದಿರಲಿಲ್ಲ, ಹೆಗಲು ಇಳಿಬಿದ್ದಿತ್ತು. ಗೂಡುಸಾಬ ಬಾರಿಸುತ್ತಲೇ 'ವ್ಹಾ ಮಗಳ' ಎಂದ. ಕೊನೆಯ ನುಡಿ ಬಂದಾಗ ಹೊಳಿಯಪ್ಪ, ಅಟ್ಟದ ಮೇಲಿನಿಂದ ಗಡಿಗೆ ಬೀಳುವುದನ್ನು ಕಾಯುವವನಂತೆ, ಕಿವಿ ಬಿಗಿಹಿಡಿದು ಕುಳಿತ. ಅವಳು ಮೇಲಿನ ಮಧ್ಯಮಕ್ಕೆ ಏರಿ ನಿಂತಳು. ನಿಂತೇ ಇದ್ದಳು. ಅದರಾಚೆಗೂ ಜಾಗವಿದೆ ಎಂದು ಗೊತ್ತಾದವಳಂತೆ, ಕಲಿಸದ ಪಂಚಮವನ್ನೂ ಮುಟ್ಟಿ ಇಳಿದಳು. ಪೇಟಿ ಹಿಂದೆ ಉಳಿಯಿತು. ಅವನ ಬೆರಳಿಗೆ ಆ ದಾರಿ ಗೊತ್ತಿರಲಿಲ್ಲ.

ಆರಿಸಲು ಬಂದಿದ್ದ ಹಿರಿಯ ಗಾಯಕಿ ಎದ್ದು ಕಟ್ಟೆಯ ಹತ್ತಿರವೇ ಬಂದಳು.

'ಹೋದ ವರ್ಷ ಕದರಮಂಡಲಗಿಯೊಳಗ ನಿನ್ನ ಕೇಳಿದ್ದೆ ಮಗಳ. ಚಂದ ಐತಿ, ಆದ್ರ ದನಿ ಇಲ್ಲ ಅಂದ್ಕೊಂಡ ಹೋಗಿದ್ದೆ. ಆ ಹುಡುಗಿ ನೀನ ಏನು?'

'ನಾನರಿ. ದಿನಾ ಬಿಳಿ ನಾಲ್ಕಕ್ಕ ಹಾಡತಿದ್ದೆರಿ. ಇವತ್ತ ಗುರುಗಳು ನನಗ ಹೇಳಲಾರದ ಏರಿಸ್ಯಾರ. ಹೇಳಿದ್ರ ಅಂಜತೇನಿ ಅಂತ ಅವರಿಗ ಗೊತ್ತಿತ್ರಿ.'

'ಖರೇ ಐತ್ರಿ ಬಾಯಾರ' ಎಂದ ಗೂಡುಸಾಬ, ಯಾರೂ ಕೇಳದಿದ್ದರೂ. 'ನನಗೂ ತಾಕೀತು ಮಾಡಿದ್ರು. ಮಾಸ್ತರದು ಆನಿ ಹೊಟ್ಟಿರಿ, ಒಂದ ಮಾತು ಹೊರಗ ಬಿಡೂದಿಲ್ಲ.'

ಜನ ಮತ್ತೆ ಚಪ್ಪಾಳೆ ತಟ್ಟಿದರು, ಈ ಸಲ ಅವನ ಕಡೆ ನೋಡುತ್ತ. ಮುಂದಿನ ಸಾಲಿನಲ್ಲಿ ಉಚ್ಚಂಗೆವ್ವ ಕೆಂಪು ಬೆರಳಿನ ಎರಡೂ ಕೈ ಎತ್ತಿ ಅವನಿಗೆ ಮುಗಿದಳು. ಆ ಕೈ ನೋಡಿ ಅವನಿಗೆ ಎದ್ದು ಓಡಬೇಕೆನಿಸಿತು. ಪೇಟಿ ತೊಡೆಯ ಮುಂದಿತ್ತು, ಏಳಲಾಗಲಿಲ್ಲ.

ಗಾಯಕಿ ಮೈಕಿನಿಂದ ದೂರ ಸರಿದು ಅವನೊಬ್ಬನಿಗೇ ಕೇಳುವಂತೆ, ಬೈಯುವ ದನಿಯಲ್ಲಲ್ಲ, ತಿಳಿದುಕೊಳ್ಳುವ ದನಿಯಲ್ಲಿ ಕೇಳಿದಳು: 'ಮಾಸ್ತರ, ಇದು ಅಕಿ ಶ್ರುತಿ. ಹಂಗಾದ್ರ ಇಷ್ಟ ವರ್ಷ ಹಾಡಿಸಿದ ಆ ಬಿಳಿ ನಾಲ್ಕು ಯಾರದು?' ಹೊಳಿಯಪ್ಪ ಉತ್ತರ ಕೊಡಲು ಬಾಯಿ ತೆರೆದ. ಬೀಜದ ಅಂಗಡಿಯ ಮೇಲೆ ಮೊದಲು ಅವನು ಹಾಡುತ್ತಿದ್ದ, ಅವನ ಹಿಂದೆಯೇ ಮಕ್ಕಳು ಹಾಡುತ್ತಿದ್ದರು. ಗಂಡು, ಹೆಣ್ಣು, ಸಣ್ಣವರು, ದೊಡ್ಡವರು, ಎಲ್ಲರೂ ಅವನ ಷಡ್ಜಕ್ಕೇ, ಬಿಳಿ ನಾಲ್ಕಕ್ಕೇ. ನಿನ್ನ ಗಂಟಲು ಎಲ್ಲಿ ಕೂಡುತ್ತದೆ ಮಗು ಎಂದು ಅವನು ಯಾರನ್ನೂ, ಒಮ್ಮೆಯೂ, ಕೇಳಿರಲಿಲ್ಲ. ಕೆಳಗೆ ಉಸಿರಾಗಿ ಹೋದವರು, ಮೇಲೆ ಒಡೆದುಹೋದವರು, ನಿನಗೆ ದನಿ ಇಲ್ಲವ್ವ, ಹೊಲಿಗೆ ಕಲಿ ಎಂದು ಅವನೇ ತಲೆ ಸವರಿ ಮನೆಗೆ ಕಳಿಸಿದವರು, ಒಬ್ಬೊಬ್ಬರ ಮುಖವೂ ಅವನಿಗೆ ನೆನಪಿತ್ತು. ಒಬ್ಬಳ ದನಿ ಕೆಡಿಸಲು ಒಂದು ವಾರ ಯೋಚಿಸಿದ್ದ. ಉಳಿದವರಿಗೆ ಯೋಚನೆಯೂ ಬೇಕಾಗಿರಲಿಲ್ಲ. 'ನಂದ್ರಿ' ಎಂದ.