ಹಾಲುಬಣ್ಣದ ಅಂಟು

"ನಿಮ್ಮ ತಂದೆ ಸರಿಯಾಗಿದ್ದಿದ್ದನ್ನ ಕೊನೇ ಸಲ ನೋಡಿದ್ದು ಯಾವಾಗ?"

ಮೂರನೇ ಸಲ ಕೇಳುತ್ತಿದ್ದಾನೆ ಈ ಮನುಷ್ಯ!

ತುರ್ತು ವಿಭಾಗದ ಪರದೆಯ ಆಚೆ ಅಪ್ಪ ಮಲಗಿದ್ದರು. ಬಾಯಿ ಒಂದು ಕಡೆಗೆ ಜಾರಿತ್ತು. ಬಲಗೈ ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ಹಾಸಿಗೆಯ ಅಂಚಿನಲ್ಲಿ ಬಿದ್ದಿತ್ತು. ಈಚೆ ಅವಳು. ಎದುರಿಗೆ ನಿದ್ದೆಗೆಟ್ಟ ಕಣ್ಣಿನ ಯುವ ಡಾಕ್ಟರ್. ಅವನ ನೋಟ ಒಮ್ಮೆ ಅವಳ ಮೇಲೆ, ಒಮ್ಮೆ ಗೋಡೆಯ ಗಡಿಯಾರದ ಮೇಲೆ.

"ಹತ್ತು ಗಂಟೆಗೆ ಅಂದೆನಲ್ಲ!"

"ಅದು ಬಿದ್ದಿದ್ದನ್ನ ನೋಡಿದ್ದು. ಮಾತಾಡಿದ್ದು ಯಾವಾಗ?"

ಅವಳು ತಲೆ ತಗ್ಗಿಸಿದಳು. "ಮೊನ್ನೆ..."

"ಮೊನ್ನೆ?"

"ನಾವಿಬ್ರೂ ಮಾತು ಬಿಟ್ಟಿದ್ವಿ."

ಅಪ್ಪ-ಮಗಳದು ಪುಸ್ತಕ ಕಟ್ಟುವ ಅಂಗಡಿ. ಮೊನ್ನೆ ಗಿರಾಕಿಯ ಎದುರಿಗೇ ಅಪ್ಪ ಅವಳು ಕಟ್ಟಿದ ಪುಸ್ತಕವನ್ನು ಬೆಳಕಿಗೆ ಹಿಡಿದು, "ಸೊಟ್ಟ" ಎಂದು ಅದರ ಬೆನ್ನನ್ನು ಪರ್ರನೆ ಕಿತ್ತುಹಾಕಿದ್ದರು. ಹನ್ನೆರಡು ವರ್ಷದಿಂದ ಇದೇ ಕೆಲಸ ಮಾಡುವವಳಿಗೆ ಆ ಒಂದು ಮಾತು ಸಾಕಾಗಿತ್ತು.

ಈ ಮನೆಯಲ್ಲಿ ಜಗಳ ಎಂದರೆ ಕೂಗಾಟವಲ್ಲ, ಮೌನ. ಅಮ್ಮ ಇದ್ದಾಗ ಸಂಧಾನಕ್ಕೆ ಅಮ್ಮ ಇದ್ದಳು. ಅಮ್ಮ ತೀರಿಕೊಂಡ ಮೇಲೆ ಆ ಕೆಲಸ ಚೀಟಿಗಳ ಪಾಲಿಗೆ ಬಂತು. 'ಊಟ ಮುಚ್ಚಿಟ್ಟಿದೆ.' 'ಕತ್ತರಿ ಎಲ್ಲಿ?' 'ನಿನ್ನ ಮೂಗಿನ ಕೆಳಗೇ ಇದೆ.'

ಇವತ್ತು ಅವಳು ಏಳುವ ಮೊದಲೇ ಅಪ್ಪ ಅಂಗಡಿಗೆ ಹೋಗಿದ್ದರು. ಅವಳು ಒಂಬತ್ತೂವರೆಗೆ ಹೋದಾಗ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. 'ಕಾಗದದ ಬಂಡಲು ಬಂತಾ?' ಎಂದು ಚೀಟಿ ಬರೆದು ಅವರ ಪಕ್ಕಕ್ಕೆ ಇಟ್ಟಳು. ಉತ್ತರವಿಲ್ಲ.

ಓಹೋ... ಇನ್ನೂ ಇಳಿದಿಲ್ಲವೋ ಸಿಟ್ಟು! ಇರಲಿ, ನಾನೂ ನಿಮ್ಮ ಮಗಳೇ!

ಅವಳೂ ಬೆನ್ನು ತಿರುಗಿಸಿ ಕೂತು ಹೊಲಿಗೆ ಹಿಡಿದಳು. ಅರ್ಧ ಗಂಟೆ... ಅಪ್ಪ ಸ್ಟೂಲಿನಿಂದ ಜಾರುವ ಸದ್ದು ಕೇಳುವವರೆಗೆ.

"ನಿನ್ನೆ ರಾತ್ರಿ ಒಂಬತ್ತಕ್ಕೆ ಊಟ ಮಾಡಿದ್ರು," ಎಂದಳು ಡಾಕ್ಟರಿಗೆ. " ಆಗ ಚೆನ್ನಾಗೇ ಇದ್ರು."

ಡಾಕ್ಟರ್ ಮುಖ ಬಾಡಿತು. "ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಿದೆ. ಅದನ್ನ ಕರಗಿಸೋ ಇಂಜೆಕ್ಷನ್ ನನ್ನ ಹತ್ರ ಇದೆ. ಆದ್ರೆ ಶುರುವಾದ ನಾಲ್ಕೂವರೆ ಗಂಟೆ ಒಳಗೇ ಕೊಡಬೇಕು. ಹೊತ್ತು ಮೀರಿ ಕೊಟ್ರೆ ತಲೆ ಒಳಗೇ ರಕ್ತ ಸೋರಬಹುದು. ರಾತ್ರಿ ಒಂಬತ್ತರಿಂದ ಅಂದ್ರೆ... ಹದಿನಾಲ್ಕು ಗಂಟೆ ಆಗೋಯ್ತು."

"ಹಾಗಾದ್ರೆ ಬೆಳಿಗ್ಗೆ ಒಂಬತ್ತಕ್ಕೆ ಮಾತಾಡಿದ್ರು ಅಂತ ಬರ್ಕೊಳ್ಳಿ! ನಿಮಗೇನು ಕಷ್ಟ?"

"ಸುಳ್ಳು ಬೇಡ." ಅವನ ದನಿ ಏರಲಿಲ್ಲ. "ಇಲ್ಲಿ ಸುಳ್ಳು ಸಾಯಿಸುತ್ತೆ."

ಕಣ್ಣೀರು ಒರೆಸಲು ಅವಳು ತೋಳೆತ್ತಿದಳು. ಕುಪ್ಪಸದ ತೋಳು ಒರಟಾಗಿ ಕೆನ್ನೆಗೆ ತಾಗಿತು. ಏನಿದು? ಅಂಟು! ಒಣಗಿ ಗಾಜಿನಂತಾದ ಅಂಟು...

ಅವಳು ತೋಳನ್ನು ಬೆಳಕಿಗೆ ಹಿಡಿದಳು.

"ಅಂಟು," ಎಂದಳು. "ಡಾಕ್ಟ್ರೇ, ನಮ್ಮ ಅಂಟು! ಹಚ್ಚಿದಾಗ ಹಾಲಿನ ಹಾಗೆ ಬೆಳ್ಳಗಿರುತ್ತೆ. ಒಣಗ್ತಾ ಒಣಗ್ತಾ ಬಿಳುಪು ಹೋಗಿ ಗಾಜಾಗುತ್ತೆ. ಅದಕ್ಕೆ ನಲವತ್ತು ನಿಮಿಷ. ನಾನು ಒಂಬತ್ತೂವರೆಗೆ ಹೋದಾಗ ಅಪ್ಪನ ಮುಂದೆ ಬೆನ್ನಿಗೆ ಅಂಟು ಹಚ್ಚಿದ ಹನ್ನೊಂದು ಪುಸ್ತಕ ಸಾಲಾಗಿ ನಿಂತಿದ್ವು. ಮೊದಲಿನವು ಗಾಜಾಗಿದ್ವು. ಹನ್ನೊಂದನೇದು ಇನ್ನೂ ಹಾಲು! ಚೀಟಿ ಇಡೋವಾಗ ನನ್ನ ತೋಳಿಗೆ ಅಂಟ್ಕೊಳ್ತು. ನೋಡಿ, ಇದೇ!"

ಅವನು ನಗುತ್ತಾನೆ ಎಂದುಕೊಂಡಳು. ಅವನು ಬಗ್ಗಿ ಅವಳ ತೋಳಿನ ಮೇಲಿದ್ದ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಬ್ರಷ್ ಯಾವ ಕೈಯಲ್ಲಿ ಹಿಡೀತಾರೆ?"

"ಬಲಗೈಯಲ್ಲಿ."

"ಹನ್ನೊಂದನೇದು ನೇರವಾಗಿತ್ತಾ?"

"ನೂಲು ಹಿಡಿದ ಹಾಗೆ! ಹನ್ನೆರಡನೇದು ಅವರ ಕೈ ಕೆಳಗಿತ್ತು. ಬಿದ್ದ ಮೇಲೇ ನೋಡಿದ್ದು. ಅದರ ಅಂಟು ಬೆನ್ನು ಬಿಟ್ಟು ಮೇಜಿಗೆಲ್ಲಾ ಹರಿದಿತ್ತು..." ಅವಳ ದನಿ ಒಡೆಯಿತು. "ಸೊಟ್ಟ."

"ಹವೆ ತೇವ ಇದ್ರೆ ನಿಧಾನ ಒಣಗುತ್ತೆ, ಅಲ್ವಾ?"

ಅವಳು ಮೊದಲ ಬಾರಿಗೆ ಅವನ ಮುಖವನ್ನು ಸರಿಯಾಗಿ ನೋಡಿದಳು. "ಎಷ್ಟೇ ತೇವ ಇದ್ರೂ ಒಂದು ಗಂಟೆ. ಅದರ ಮೇಲೆ ಒಂದು ನಿಮಿಷ ಇಲ್ಲ."

"ಹಾಗಾದ್ರೆ ಒಂಬತ್ತೂವರೆಗೆ ಒಂದು ಗಂಟೆ ಹಿಂದೆ, ಎಂಟೂವರೆಗೆ, ಆ ಕೈ ನೆಟ್ಟಗಿತ್ತು. ಈಗ ಹತ್ತು ಐವತ್ತು. ಸ್ಕ್ಯಾನಲ್ಲಿ ರಕ್ತ ಸೋರಿಲ್ಲ, ಹಳೇ ಹಾನಿಯೂ ಕಾಣ್ತಿಲ್ಲ." ಅವನು ಜೇಬಿನಿಂದ ಹಾಳೆ ತೆಗೆದ. "ಈಗ ಹೇಳಿದ್ದನ್ನೇ ಬರೆದು ಸಹಿ ಹಾಕಿ. ಬೇಗ!"

ಓ... ಎಡವಟ್ಟಾದರೆ ತಪ್ಪು ನನ್ನ ತಲೆಗೆ! ಎಷ್ಟು ಜಾಣ!

ಆದರೂ ಬರೆದಳು. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಔಷಧಿ ಅಪ್ಪನ ರಕ್ತನಾಳದೊಳಗೆ ಇಳಿಯತೊಡಗಿತು.

*

ಎರಡನೇ ದಿನ ಅಪ್ಪನ ಕಾಲು ಅಲುಗಿತು. ಮೂರನೇ ದಿನ ಬಲಗೈಯ ಎರಡು ಬೆರಳು. ಮಾತು ಮಾತ್ರ ಬರಲಿಲ್ಲ.

"ನಮ್ಮ ಗಡಿಯಾರ ಬಂತು, ನೋಡಮ್ಮ," ಎನ್ನುತ್ತಿದ್ದರು ಹಿರಿಯ ನರ್ಸ್, ಡಾಕ್ಟರ್ ವಾರ್ಡಿಗೆ ಬಂದಾಗಲೆಲ್ಲ. "ಊಟ ಆಯ್ತಾ ಅಂತ ಕೇಳಿದ್ರೂ ಎಷ್ಟು ಗಂಟೆಗೆ ಅಂತ ಕೇಳೋ ಪ್ರಾಣಿ!"

ಅವಳಿಗೆ ನಗು ಬರುತ್ತಿತ್ತು. ಅವನು ಅಪ್ಪನ ಕೈಯನ್ನು ಒಂದು ಹಳೆಯ ಪುಸ್ತಕದಷ್ಟು ಜೋಪಾನವಾಗಿ ಎತ್ತುವುದನ್ನು ಕಂಡು, ನಗುವಿನ ಜೊತೆ ಬೇರೇನೋ ಬರುತ್ತಿತ್ತು. ಅದಕ್ಕೆ ಅವಳು ಹೆಸರಿಡಲು ಹೋಗಲಿಲ್ಲ.

ನಾಲ್ಕನೇ ದಿನ ಕಾರಿಡಾರಿನಲ್ಲಿ ಅವನು ಇನ್ನೊಬ್ಬ ಡಾಕ್ಟರಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಬೀಳೋ ಮುಂಚಿನ ಆ ಅರ್ಧ ಗಂಟೆ ಹೋಗದೇ ಇದ್ದಿದ್ರೆ ಬಲಗೈ ಇನ್ನೂ ಚೆನ್ನಾಗಿ ಬರ್ತಿತ್ತೇನೋ."

ಎದೆಗೆ ಯಾರೋ ದಬ್ಬಳ ಚುಚ್ಚಿದಂತಾಯಿತು.

"ನನ್ನ ಸಹಿ ನಿಮ್ಮ ಹತ್ರ ಇದೆಯಲ್ಲ," ಎಂದಳು ಎದುರಿಗೆ ಹೋಗಿ. "ಊರಿಗೆಲ್ಲಾ ಓದಿ ಹೇಳಿ! ಮಗಳೇ ಅಪ್ಪನ ಕೈ ಮುರಿದಳು ಅಂತ!"

ಅವನು ಬಿಳಿಚಿಕೊಂಡ. "ನಾನು ಹಾಗೆ..."

"ಹೌದೋ ಅಲ್ವೋ? ಆ ಅರ್ಧ ಗಂಟೆಯಿಂದ ನಷ್ಟ ಆಯ್ತೋ ಇಲ್ವೋ?"

ಅವನು ಕಣ್ಣು ತಪ್ಪಿಸಲಿಲ್ಲ. "ಆಗಿರಬಹುದು. ಇಲ್ಲ ಅಂದ್ರೆ ಸುಳ್ಳಾಗುತ್ತೆ."

ಮುಗಿಯಿತು! ಅವಳು ಮನೆಯ ಪದ್ಧತಿಯಂತೆ ಅವನೊಡನೆ ಮಾತು ಬಿಟ್ಟಳು.

ಮರುದಿನ ಅಪ್ಪನ ಹಾಸಿಗೆಯ ಮೇಲೆ ಅವನಿಗೊಂದು ಚೀಟಿ ಕಾದಿತ್ತು. 'ಸ್ನಾನ ಮಾಡಿಸಬಹುದೇ?' ಅವನು ಗಾಬರಿಯಿಂದ ನರ್ಸ್ ಕಡೆ ನೋಡಿದ. ನರ್ಸ್ ಸೂರು ನೋಡಿದರು. ಕೊನೆಗೆ ಅವನೇ ಪೆನ್ನು ತೆಗೆದು ಕೆಳಗೆ ಬರೆದ. 'ನಾಳೆಯಿಂದ. ನೀವು ಊಟ ಮಾಡಿದಿರಾ? (ಎಷ್ಟು ಗಂಟೆಗೆ ಅಂತ ಕೇಳುವುದಿಲ್ಲ.)'

ಅವಳು ಆ ಚೀಟಿಯನ್ನು ಹರಿದು ಹಾಕಬೇಕೆಂದಿದ್ದಳು. ಯಾಕೋ ಕೈ ಬರಲಿಲ್ಲ.

ಒಂಬತ್ತನೇ ದಿನ. ಅವನು ಅಪ್ಪನ ಫೈಲು ತೆರೆದು ನಿಂತಿದ್ದ. ಫೈಲಿನ ಮೇಲೆ ಯಾರೋ ಅವಸರದಲ್ಲಿ ಅಂಟಿಸಿದ ಹೆಸರಿನ ಚೀಟಿ. ಅಪ್ಪ ಅದನ್ನೇ ದಿಟ್ಟಿಸಿದರು. ಹುಬ್ಬು ಗಂಟಾಯಿತು. ತುಟಿ ಅದುರಿತು.

"ಸೊ... ಸೊ..."

ಅವಳು ಹಾಸಿಗೆಯತ್ತ ಬಾಗಿದಳು.

"ಸೊಟ್ಟ!"

ಅವಳು ಬಿಕ್ಕಿಬಿಕ್ಕಿ ಅಳುತ್ತಾ ಅಪ್ಪನ ಎದೆಯ ಮೇಲೆ ಮುಖವಿಟ್ಟಳು. "ಹೌದಪ್ಪಾ, ಸೊಟ್ಟ! ಇನ್ನೊಂದ್ಸಲ ಅನ್ನಿ! ಎಷ್ಟು ಸಲ ಬೇಕಾದ್ರೂ ಅನ್ನಿ!"

ಡಾಕ್ಟರ್ ಪೆಚ್ಚಾಗಿ ತನ್ನ ಕೋಟು ಸರಿಮಾಡಿಕೊಂಡ. "ನನ್ನನ್ನೇ ಅಂದ್ರಾ?"

*

ಮನೆಗೆ ಕಳಿಸುವ ದಿನ ಕಾಗದಗಳ ಪ್ರತಿ ಸಿಕ್ಕಿತು. ಅದರಲ್ಲಿ ಅವಳು ಬರೆದ ಹಾಳೆಯೂ ಇತ್ತು. ಅವಳ ಸಹಿಯ ಕೆಳಗೆ ಅವನ ಅಕ್ಷರ.

'ಈಕೆಯ ಕೈಗೆ ತನ್ನ ಕೆಲಸದ ಹೊತ್ತು ಗೊತ್ತು. ಆ ಕೈ ಹೇಳಿದ ಸಮಯವನ್ನು ನಂಬಿದ್ದೇನೆ. ತೀರ್ಮಾನ ನನ್ನದು. ಫಲ ಏನೇ ಆದರೂ ಹೊಣೆ ನನ್ನದು, ಮಗಳದಲ್ಲ.'

ಪಕ್ಕದಲ್ಲಿ ಸಮಯ: ಹತ್ತು ಐವತ್ತೆಂಟು. ಔಷಧಿ ಕೊಡುವುದಕ್ಕೂ ಏಳು ನಿಮಿಷ ಮೊದಲು!

ಅಯ್ಯೋ... ಯಾರ ಮೇಲೆ ಮುನಿಸಿಕೊಂಡಿದ್ದೆ ನಾನು?

ಅವನ ಕೋಣೆಗೆ ಓಡಿದಳು. ಅವನಿಗೆ ಅಂದು ರಜೆ. ಬಾಗಿಲಿಗೆ ಬೀಗ. ಚೀಟಿಯೊಂದನ್ನು ಬಾಗಿಲ ಸಂದಿನಲ್ಲಿ ತೂರಿಸಿ ಬಂದಳು. 'ಮಾತಾಡಬೇಕು. ಅಂಗಡಿಗೆ ಬನ್ನಿ.'

*

ಮೂರು ದಿನ ಕಳೆದು ಅವನು ಬಂದ. ಕೈಯಲ್ಲಿ ಬೆನ್ನು ಕಿತ್ತುಹೋದ ಒಂದು ದಪ್ಪ ಪುಸ್ತಕ. ಮೂಲೆಯಲ್ಲಿ ಅಪ್ಪ ಮೆತ್ತನೆಯ ಚೆಂಡನ್ನು ಬಲಗೈಯಲ್ಲಿ ಹಿಸುಕುತ್ತಾ ಕೂತಿದ್ದರು.

ಅವಳು ಏನೂ ಹೇಳದೆ ಪುಸ್ತಕ ತೆಗೆದುಕೊಂಡು, ಹಳೆಯ ದಾರ ಬಿಡಿಸಿ, ಹೊಸದಾಗಿ ಹೊಲಿದು, ಬೆನ್ನಿಗೆ ಅಂಟು ಹಚ್ಚಿದಳು. ಹಾಲಿನಂತಹ ಬಿಳುಪು.

"ನಲವತ್ತು ನಿಮಿಷ. ಮುಟ್ಟಬಾರದು."

"ನಾನು ಎಲ್ಲೂ ನಲವತ್ತು ನಿಮಿಷ ಕೂತವನಲ್ಲ."

"ನನ್ನ ಕೆಲಸಾನೇ ಕಾಯೋದು. ಕೂತ್ಕೊಳ್ಳಿ."

ಅವನು ಕೂತ.

"ಆ ದಿನ ಕೂಗಾಡಿದೆ," ಎಂದಳು ಮೆಲ್ಲಗೆ. "ತಪ್ಪಾಯ್ತು."

"ನಿಮಗಿಂತ ದೊಡ್ಡ ತಪ್ಪು ನಂದಿದೆ." ಅವನು ಅಂಟನ್ನೇ ನೋಡುತ್ತಿದ್ದ. "ಓದ್ತಿದ್ದಾಗ ಅಮ್ಮ ಫೋನ್ ಮಾಡಿದ್ಲು. ಮಾತು ತೊದಲ್ತಿತ್ತು. 'ಬಾಯಲ್ಲಿ ಏನಿಟ್ಕೊಂಡಿದೀಯಮ್ಮಾ' ಅಂತ ನಕ್ಕು ಫೋನ್ ಇಟ್ಟೆ. ಸಂಜೆವರೆಗೂ ಯಾರಿಗೂ ಗೊತ್ತಾಗ್ಲಿಲ್ಲ... ಆಮೇಲೆ ಅವಳು ಎದ್ದು ನಡೀಲೇ ಇಲ್ಲ. ಅದಕ್ಕೇ ಎಲ್ಲರನ್ನೂ ಪೀಡಿಸ್ತೀನಿ. ಯಾವಾಗ, ಯಾವಾಗ ಅಂತ."

ಅವಳ ಕೈ ಮೇಜಿನ ಮೇಲೆ ಸರಿದು ಅವನ ಕೈಯ ಪಕ್ಕದಲ್ಲಿ ನಿಂತಿತು. ಮುಟ್ಟಲಿಲ್ಲ. ದೂರವೂ ಹೋಗಲಿಲ್ಲ.

"ನೀವು ನಗದೇ ನನ್ನ ಅಂಟು ಮುಟ್ಟಿ ನೋಡಿದ್ರಲ್ಲ... ಅವತ್ತೇ..." ಅವಳು ಅರ್ಧಕ್ಕೆ ನಿಲ್ಲಿಸಿದಳು.

"ನನಗೂ ಅವತ್ತೇ." ಅವನು ಅವಳ ಬೆರಳುಗಳನ್ನು ಹಿಡಿದ. "ದಿನಕ್ಕೆ ನೂರು ಸಲ ಗಡಿಯಾರ ನೋಡೋನು ನಾನು. ಇಲ್ಲಿಗೆ ಬಂದಾಗಿಂದ ಒಂದ್ಸಲವೂ ನೋಡಿಲ್ಲ."

ಬಿಸಿಲು ಮೇಜಿನಿಂದ ಗೋಡೆಗೆ ಏರಿತು. ಪುಸ್ತಕದ ಬೆನ್ನು ಯಾವಾಗಲೋ ಗಾಜಾಗಿತ್ತು. ಇಬ್ಬರೂ ಅತ್ತ ಕಣ್ಣು ಹಾಯಿಸಲಿಲ್ಲ.

"ಒಣಗಿತಾ?" ಎಂದ ಅವನು ಕೊನೆಗೆ.

"ಇನ್ನೂ ಇಲ್ಲ," ಎಂದಳು ಅವಳು ನೋಡದೆಯೇ.

ಮೂಲೆಯಲ್ಲಿ ಚೆಂಡು ಕೆಳಗೆ ಬಿತ್ತು. ಅಪ್ಪ ಬಾಯಿ ತೆರೆದರು. ತೊದಲಲಿಲ್ಲ, ತಡವರಿಸಲಿಲ್ಲ.

"ಸುಳ್ಳು!"

ಇಬ್ಬರೂ ಬೆಚ್ಚಿ ತಿರುಗಿದರು. ಅಪ್ಪನ ಮುಖದ ಎಡಭಾಗ ಪೂರ್ತಿ ನಗುತ್ತಿತ್ತು, ಬಲಭಾಗ ಅದನ್ನು ಹಿಂಬಾಲಿಸಲು ಹೆಣಗುತ್ತಿತ್ತು.

ಅವಳ ಕಣ್ಣು ತುಂಬಿ ಬಂತು. ಅವನು ಕೈ ಬಿಡಲಿಲ್ಲ.

"ಇನ್ನೊಂದು ಪುಸ್ತಕ ತರಲಾ? ಆದ್ರೆ... ನನ್ನ ಹತ್ರ ಹರಿದಿರೋದು ಇದೊಂದೇ."

"ಪರವಾಗಿಲ್ಲ," ಎಂದಳು ಅವಳು. "ಹರ್ಕೊಂಡೇ ಬನ್ನಿ."